ನಲವತ್ತರ ಅಂಕೆ

೪ ಮಾರ್ಚ್, ಸೋಮವಾರ

ಮಾನ್ಯ ನ್ಯಾಯಾಧೀಶರೇ, ಅವರ ಬಲಗಡೆ ಆಸೀನರಾಗಿರುವ ವಿದ್ವಜ್ಜನರೇ, ಹಿಂದಿನ ಬೆಂಚಿನಲ್ಲಿ ಆಗಲೇ ತೂಕಡಿಸಲು ಆರಂಭಿಸಿರುವ ಮಹಾಜನಗಳೇ,

ಇಂದಿನಿಂದ ಈ ಬಡಪಾಯಿ ತನ್ನ ಅಹವಾಲನ್ನು ತಮ್ಮ ಮುಂದೆ ದಿನಚರಿಯ ರೂಪದಲ್ಲಿ ಮಂಡಿಸುತ್ತಾನೆ. ತಾವು ಯಾರೂ ಇಲ್ಲ ಎಂಬುದು ನನಗೆ ಗೊತ್ತು. ಆದರೆ ಇರುವವರು ಯಾರೂ ನನ್ನ ಮಾತನ್ನು ಪೂರ್ತಿ ಕೇಳದ ಕಾರಣ, ಇಲ್ಲದವರನ್ನೇ ಕರೆದು ಕೂರಿಸಬೇಕಾಗಿ ಬಂದಿದೆ. ನೀರಿನ ವ್ಯವಸ್ಥೆ ಇಲ್ಲ, ಕ್ಷಮಿಸಬೇಕು.

ಆರೋಪಿಯ ಪರಿಚಯ: ವಯಸ್ಸು ನಲವತ್ತಾರು. ವಿದ್ಯೆ ಬಿ.ಎ., ಕನ್ನಡ ಮಾಧ್ಯಮ. ವೃತ್ತಿ, ಡ್ರೈವಿಂಗ್ ಸ್ಕೂಲಿನಲ್ಲಿ ಮೋಟಾರ್‌ಬೈಕು ಕಲಿಸುವುದು. ಚಟ, ಪ್ರಾಸ. ನಮ್ಮ ಸ್ಕೂಲಿನ ಗೋಡೆಯ ಮೇಲಿರುವ 'ಕ್ಲಚ್ಚು ಬಿಡು ಮೆಲ್ಲಗೆ, ಗಾಡಿ ಹೋಗಲಿ ಮೆತ್ತಗೆ' ಎಂಬುದು ನನ್ನದೇ. 'ಗೇರು ಏರಿದರೆ ಸಾಲದು, ಊರು ಸೇರಬೇಕು' ಎಂಬುದೂ ನನ್ನದೇ. ಎರಡನೆಯದರಲ್ಲಿ ಎರಡನೆಯ ಅಕ್ಷರದ ಪ್ರಾಸವಿದೆ, ವಿದ್ವಜ್ಜನರು ದಯವಿಟ್ಟು ಗಮನಿಸಬೇಕು. ಕಲಿಯಲು ಬಂದವರು ಯಾರೂ ಇದುವರೆಗೆ ಗಮನಿಸಿಲ್ಲ.

ಆರೋಪ: ಇಂದು ಬೆಳಿಗ್ಗೆ ಆಸ್ಪತ್ರೆ ರಸ್ತೆಯಲ್ಲಿ, ನಲವತ್ತರ ಮಿತಿ ಇರುವ ಕಡೆ, ಐವತ್ತಾರರಲ್ಲಿ ಬಂದದ್ದು.

ಬಸ್ ಸ್ಟಾಪಿನ ನೆರಳಿನಲ್ಲಿ ವೇಗ ಅಳೆಯುವ ಗನ್ನು ಹಿಡಿದು ನಿಂತಿದ್ದ ಮಹಿಳಾ ಪೇದೆ ಕೈ ಅಡ್ಡ ಹಿಡಿದರು. ಇವರಿಗೆ ನಾನು ಇಟ್ಟಿರುವ ಹೆಸರು ಗನ್ ಮೇಡಂ.

"ಸರ್, ಪಕ್ಕಕ್ಕೆ ತಗೊಳ್ಳಿ."

"ಯಾಕೆ ಮೇಡಂ, ಬಹುಮಾನ ಏನಾದ್ರೂ ಇದೆಯಾ?"

"ಇದೆ. ಈಗ ಬರೆದು ಕೊಡ್ತೀನಿ. ಐವತ್ತಾರು."

"ಸಾಧ್ಯವೇ ಇಲ್ಲ. ಮೂವತ್ತೆಂಟರಲ್ಲಿದ್ದೆ."

"ಮೀಟರ್ ನೋಡಿದ್ರಾ?"

"ಊರಿಗೇ ಕಲಿಸೋನು ನಾನು. ನೋಡದೇ ಇರ್ತೀನಾ?"

ಅವರು ಗನ್ನಿನ ಬೆನ್ನನ್ನು ನನ್ನ ಮುಖದ ಹತ್ತಿರ ತಂದರು. "ನೀವೇ ಓದ್ಕೊಳ್ಳಿ."

"ನಿಮ್ಮ ಯಂತ್ರ ನಿಮ್ಮ ಪರವಾಗೇ ಹೇಳುತ್ತೆ, ಬಿಡಿ" ಎಂದು ನಾನು ಮುಖ ತಿರುಗಿಸಿದೆ. ಒಬ್ಬ ಮರ್ಯಾದಸ್ಥ ಮಾಡಬೇಕಾದ್ದೇ ಅದು.

ಪ್ರಕರಣದ ಹಿನ್ನೆಲೆಯಾಗಿ ಒಂದು ಮಾತು. ಈ ವರ್ಷದ ಆರಂಭದಲ್ಲಿ ನಮ್ಮ ಸ್ಕೂಲಿನ ಓನರ್ ಹಳೆಯ ಬೈಕುಗಳನ್ನು ಮಾರಿ ಹೊಸವನ್ನು ತಂದರು. ಹಳೆಯದರ ಮೀಟರಿನಲ್ಲಿ ಮುಳ್ಳಿತ್ತು. ಮುಳ್ಳು ನೆಟ್ಟಗೆ ನಿಂತರೆ ನಲವತ್ತು, ಬಲಕ್ಕೆ ವಾಲಿದರೆ ಅಪರಾಧ. ಓದುವ ಪ್ರಶ್ನೆಯೇ ಇರಲಿಲ್ಲ. ಹೊಸದರಲ್ಲಿ ಮುಳ್ಳಿಲ್ಲ. ಅಂಗೈಯಷ್ಟೂ ಇಲ್ಲದ ಬೂದು ಗಾಜಿನ ಮೇಲೆ ಬರೀ ಅಂಕೆ. ಕನ್ನಡದಲ್ಲಿ ಅಂಕೆ ಎಂದರೆ ಸಂಖ್ಯೆಯೂ ಹೌದು, ಹಿಡಿತವೂ ಹೌದು. ಗಾಡಿ ಮಾಡಿದ ಕಂಪನಿ ಮೊದಲನೆಯದನ್ನು ಕೊಟ್ಟಿದೆ, ಎರಡನೆಯದು ನನ್ನಲ್ಲಿ ಮೊದಲೇ ಇದೆ. ಹಾಗಾಗಿ ತೊಂದರೆ ಇಲ್ಲ.

ತೊಂದರೆ ಇರುವುದು ಇನ್ನೊಂದು ಕಡೆ. ಫೆಬ್ರವರಿಯಲ್ಲೂ ಒಮ್ಮೆ ಇದೇ ರಸ್ತೆಯಲ್ಲಿ ಇದೇ ಮೇಡಂ ನನ್ನನ್ನು ನಿಲ್ಲಿಸಿದ್ದರು. ಇಂದಿನದು ಎರಡನೆಯದು. ವರ್ಷದಲ್ಲಿ ಮೂರಾದರೆ ಕಲಿಸುವವನ ಬ್ಯಾಡ್ಜನ್ನು ಹಿಂದಕ್ಕೆ ಪಡೆಯುತ್ತಾರೆ. ಬ್ಯಾಡ್ಜಿಲ್ಲದ ನಾನು ಎಂದರೆ, ಪ್ರಾಸ ಕಟ್ಟುವ ಒಬ್ಬ ಪಾದಚಾರಿ.

೫ ಮಾರ್ಚ್, ಮಂಗಳವಾರ

ಓನರ್ ನನಗಿಂತ ಹತ್ತು ವರ್ಷ ಚಿಕ್ಕವರು. ಬೈಯುವಾಗ ಕುರ್ಚಿಯಿಂದ ಎದ್ದು ನಿಂತು ಬೈಯುತ್ತಾರೆ, ಅಷ್ಟು ಗೌರವ.

"ಮೇಷ್ಟ್ರೇ, ಊರಿಗೆಲ್ಲ ನಿಧಾನ ನಿಧಾನ ಅಂತ ಹೇಳೋರು ನಾವು. ನಮ್ಮ ಗಾಡಿ ಮೇಲೆ ನಮ್ಮ ಹೆಸರು ಬೇರೆ ಬರೆಸಿದೀವಿ."

"ಜಾಹೀರಾತು ಅಂದ್ಕೊಳ್ಳಿ."

"ಇನ್ನೊಂದು ಸಲ ಆದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ. ನಗಬೇಡಿ, ನಿಜ ಹೇಳ್ತಿದೀನಿ."

ನಾನು ನಗುತ್ತಿರಲಿಲ್ಲ. ನನ್ನ ಮುಖವೇ ಹಾಗೆ.

ಹೊಸ ವಿದ್ಯಾರ್ಥಿನಿ ಬಂದಿದ್ದಾರೆ. ಮುಂದಿನ ಬೀದಿಯ ಬೇಕರಿಯವರು, ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಆದ್ದರಿಂದ ಅಕ್ಕ. ಆಸ್ಪತ್ರೆಯ ಕ್ಯಾಂಟೀನಿಗೆ ಬೆಳಗಿನ ಬ್ರೆಡ್ಡು ಇವರದೇ. ಇಷ್ಟು ದಿನ ಅದನ್ನು ಅವರ ತಮ್ಮ ಬೈಕಿನಲ್ಲಿ ಮುಟ್ಟಿಸುತ್ತಿದ್ದ. ಈಗ ಅವನ ಸೊಂಟ ಕೈಕೊಟ್ಟಿದೆ. ತಿಂಗಳ ಕೊನೆಯೊಳಗೆ ಅಕ್ಕ ತಾವೇ ಬೈಕು ಕಲಿತು ಲೈಸೆನ್ಸು ಪಡೆಯದಿದ್ದರೆ ಕ್ಯಾಂಟೀನಿನವರು ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಟೆಸ್ಟು ಇಪ್ಪತ್ತೆರಡಕ್ಕೆ.

"ಮೀಟರ್ ನೋಡಿದ್ರೆ ರಸ್ತೆ ಮರೀತೀನಿ, ರಸ್ತೆ ನೋಡಿದ್ರೆ ಮೀಟರ್ ಮರೀತೀನಿ ಮೇಷ್ಟ್ರೇ. ಎರಡು ಕಣ್ಣಲ್ಲಿ ಒಂದೊಂದು ನೋಡೋಕಾಗುತ್ತಾ?"

ಇಂಥವರಿಗಾಗಿಯೇ ನನ್ನದೊಂದು ಪದ್ಧತಿ ಇದೆ. ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ಕಲಿಯುವವರ ಭುಜದ ಮೇಲಿಂದ ಮೀಟರು ನೋಡಿ ವೇಗವನ್ನು ಕೂಗಿ ಹೇಳುತ್ತೇನೆ. ಅವರು ರಸ್ತೆಯನ್ನಷ್ಟೇ ನೋಡಿದರೆ ಸಾಕು. 'ನಿಮ್ಮ ಕಣ್ಣು ದಾರಿಗೆ, ನನ್ನ ಕಣ್ಣು ಮೀಟರಿಗೆ.' ಈ ಪ್ರಾಸ ಅಷ್ಟೇನೂ ಗಟ್ಟಿಯಲ್ಲ, ಆದರೆ ಪದ್ಧತಿ ಗಟ್ಟಿ. ಎಷ್ಟು ಜನರನ್ನು ದಡ ಮುಟ್ಟಿಸಿದೆ.

೯ ಮಾರ್ಚ್, ಶನಿವಾರ

ಮನೆಯವಳು ಹೊಲಿಗೆಯಂತ್ರದ ಮುಂದೆ ಕೂತು ಸೂಜಿ ಮತ್ತು ದಾರವನ್ನು ನನ್ನ ಕಡೆ ಚಾಚಿದಳು. ಅವಳ ಚಾಳೀಸು ಎಲ್ಲೋ ಕಳೆದಿತ್ತು. ನಲವತ್ತು ದಾಟಿದ ಮಾರನೆಯ ದಿನವೇ ಹಾಕಿಸಿಕೊಂಡು ಬಂದವಳು ಅವಳು, ಹೆಸರಿಗೆ ತಕ್ಕ ಹಾಗೆ.

"ಇದನ್ನ ಪೋಣಿಸಿ ಕೊಡ್ರಿ."

"ಹೊಲಿಗೆ ನಿನ್ನ ಇಲಾಖೆ. ನಾನು ಬೇರೆ ಇಲಾಖೆಯಲ್ಲಿ ಕೈ ಹಾಕಲ್ಲ."

"ಕಣ್ಣು ಹಾಕಿ, ಸಾಕು."

ನಾನು ಕನ್ನಡಕ ಹುಡುಕಿ ಕೊಟ್ಟೆ. ದಿಂಬಿನ ಕೆಳಗಿತ್ತು. ಹುಡುಕುವುದರಲ್ಲಿ ನನ್ನ ಕಣ್ಣು ಎಷ್ಟು ಚುರುಕು ಎಂಬುದನ್ನು ಸಭೆ ಗಮನಿಸಬೇಕು. ಅವಳು ಅದನ್ನು ಮೂಗಿನ ಮೇಲೇರಿಸಿ ನನ್ನನ್ನೇ ನೋಡಿದಳು.

"ನಿಮಗೂ ಬಂದಿದೆ ಅನ್ಸುತ್ತೆ. ಪೇಪರ್ ಓದುವಾಗ ಕೈ ಪಕ್ಕದ ಮನೆವರೆಗೂ ಹೋಗುತ್ತೆ."

"ಚಾಳೀಸು ಬರೋದು ಓದೋರಿಗೆ. ನಾನು ಓಡಿಸೋನು."

ಅವಳು ನಗಲಿಲ್ಲ. ಒಳ್ಳೆಯ ಮಾತಾಗಿತ್ತು, ವ್ಯರ್ಥವಾಯಿತು. ಪೇಪರಿನವರ ವಿಷಯಕ್ಕೆ ಬಂದರೆ, ಅವರು ಇತ್ತೀಚೆಗೆ ಮಸಿಯಲ್ಲೂ ಅಕ್ಷರದಲ್ಲೂ ಉಳಿತಾಯ ಮಾಡುತ್ತಿದ್ದಾರೆ. ಇರುವೆಗಳಿಗಾಗಿ ಅಚ್ಚು ಹಾಕಿದಂತಿರುತ್ತದೆ. ಇದಕ್ಕೆ ಓದುಗನನ್ನು ದೂರುವುದು ಯಾವ ನ್ಯಾಯ?

೧೨ ಮಾರ್ಚ್, ಮಂಗಳವಾರ

ಇಂದು ಆಸ್ಪತ್ರೆ ರಸ್ತೆಯಲ್ಲಿ ರಾಜಗಾಂಭೀರ್ಯದಿಂದ ಸಾಗಿದೆ. ಬೆನ್ನಿಗೆ ಟಿಫಿನ್ ಬ್ಯಾಗು ಹಾಕಿಕೊಂಡಿದ್ದ ಒಬ್ಬ ಸೈಕಲ್ ಸವಾರ ಪಕ್ಕಕ್ಕೆ ಬಂದು, "ಸರ್, ಪೆಟ್ರೋಲ್ ಖಾಲಿ ಆಯ್ತಾ? ತಳ್ಳಬೇಕಾ?" ಎಂದು ಕೇಳಿ ಮುಂದೆ ಹೋದ. ಗನ್ ಮೇಡಂ ಬಸ್ ಸ್ಟಾಪಿನಿಂದ ನೋಡಿದರು. ನಾನು ತಲೆಬಾಗಿಸಿ ವಂದಿಸಿದೆ.

ಈ ಹೊಸ ಬೈಕಿನ ಎಂಜಿನ್ನು ಸದ್ದೇ ಮಾಡುವುದಿಲ್ಲ. ಹಳೆಯದು ಮೂವತ್ತಕ್ಕೆ ಗೊಣಗುತ್ತಿತ್ತು, ನಲವತ್ತಕ್ಕೆ ಹಾಡುತ್ತಿತ್ತು, ಐವತ್ತಕ್ಕೆ ಕಿರುಚುತ್ತಿತ್ತು. ಇದು ಎಲ್ಲದಕ್ಕೂ ಮೌನ. ಹಾಗಾಗಿ ಸುರಕ್ಷತೆಗೆಂದು ಸ್ವಲ್ಪ ಕಡಿಮೆಯಲ್ಲೇ ಇದ್ದೆ. ಎಷ್ಟು ಕಡಿಮೆ ಎಂಬುದು ಇಲ್ಲಿ ಅಪ್ರಸ್ತುತ.

೧೪ ಮಾರ್ಚ್, ಗುರುವಾರ

ಆಸ್ಪತ್ರೆಯ ಗೇಟಿನ ಮುಂದೆ ಒಂದು ಸಣ್ಣ ಘಟನೆ.

ಅಕ್ಕ ಓಡಿಸುತ್ತಿದ್ದರು, ನಾನು ಹಿಂದೆ. "ಮೂವತ್ತು, ಚೆನ್ನಾಗಿದೆ" ಎಂದೆ. "ಮೂವತ್ತು, ಹಾಗೇ ಇರಲಿ" ಎಂದೆ. ಅಷ್ಟರಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬರು ಹಣ್ಣಿನ ಚೀಲ ಹಿಡಿದು ರಸ್ತೆಗೆ ಇಳಿದರು. ಅಕ್ಕ ಬ್ರೇಕು ಹಿಡಿದರು. ಬೈಕು ನಿಲ್ಲಲಿಲ್ಲ. ಜಾರಿತು, ಹಿಂದಿನ ಚಕ್ರ ಅಡ್ಡ ತಿರುಗಿತು, ಹಣ್ಣುಗಳು ಚೆಲ್ಲಾಪಿಲ್ಲಿಯಾದವು, ಆ ಮನುಷ್ಯ ಗೇಟಿಗೆ ಒರಗಿ ನಿಂತರು. ನಡುವೆ ಒಂದು ಮೊಳದಷ್ಟು ಜಾಗ ಉಳಿದಿತ್ತು.

"ಈಗ ತಾನೇ ಒಳಗಿಂದ ಬಂದಿದೀನಿ ತಾಯಿ" ಎಂದರು ಅವರು. "ಮತ್ತೆ ಅಲ್ಲಿಗೇ ಕಳಿಸಬೇಡಿ."

ಅಕ್ಕ ಒಂದೊಂದೇ ಹಣ್ಣು ಹೆಕ್ಕಿ, ಸೆರಗಿನಲ್ಲಿ ಒರೆಸಿ ಚೀಲಕ್ಕೆ ತುಂಬಿದರು. ಎರಡು ಹಣ್ಣು ಮತ್ತೆ ಕೈಜಾರಿ ಬಿದ್ದವು. ವಾಪಸು ಬರುವಾಗ ಬೈಕನ್ನು ನಾನೇ ಓಡಿಸಿದೆ.

"ನೀವು ಮೂವತ್ತು ಅಂದ್ರಿ ಅಲ್ವಾ ಮೇಷ್ಟ್ರೇ?"

"ಹೌದು."

"ಕಿವಿಗೆ ಬಡಿಯೋ ಗಾಳಿ ಬೇರೆ ಏನೋ ಹೇಳ್ತಿತ್ತು."

ಗಾಳಿಯ ಮಾತನ್ನು ಯಾವ ನ್ಯಾಯಾಲಯವೂ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಆ ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲದೆ ಮೂರಕ್ಕೂ ಎಂಟಕ್ಕೂ ಏನು ಮಹಾ ವ್ಯತ್ಯಾಸ? ಒಂದು ಬಾಗಿಲು ತೆರೆದ ಮನೆ, ಇನ್ನೊಂದು ಬಾಗಿಲು ಹಾಕಿದ ಮನೆ. ಐದಕ್ಕೂ ಆರಕ್ಕೂ ಇನ್ನೂ ಕಡಿಮೆ. ಇವನ್ನೆಲ್ಲ ಇಷ್ಟು ಹತ್ತಿರದ ಬಂಧುಗಳಾಗಿ ಮಾಡಿದವರನ್ನು ಮೊದಲು ಕಟಕಟೆಗೆ ಕರೆಸಬೇಕು.

ಊಟ ಸೇರಲಿಲ್ಲ.

೧೫ ಮಾರ್ಚ್, ಶುಕ್ರವಾರ

ಒಂದು ಪ್ರಾಸವೂ ಹೊಳೆಯಲಿಲ್ಲ.

೧೮ ಮಾರ್ಚ್, ಸೋಮವಾರ

ಸಭಿಕರೇ, ಜಯ. ಮೂರನೆಯ ಸಲ ನಿಲ್ಲಿಸಿದರು, ಮೂರನೆಯ ಚೀಟಿ ಬರೆಯಲಿಲ್ಲ. ವಿವರ ಕೆಳಗಿದೆ.

ಅಕ್ಕ ಓಡಿಸುತ್ತಿದ್ದರು, ನಾನು ಹಿಂದಿನಿಂದ ವೇಗ ಕೂಗುತ್ತಿದ್ದೆ. ಗನ್ ಮೇಡಂ ಕೈ ಅಡ್ಡ ಹಿಡಿದರು. ಕಲಿಯುವವರ ತಪ್ಪೂ ಮೇಷ್ಟ್ರ ಲೆಕ್ಕಕ್ಕೇ ಬರುತ್ತದೆ, ಬ್ಯಾಡ್ಜು ಹೋಯಿತು ಎಂದುಕೊಂಡೆ. ಆದರೆ ನಾನು ಸಿದ್ಧನಾಗಿದ್ದೆ. ಇಂಥ ಯಂತ್ರಗಳು ಹೇಗೆ ತಪ್ಪುತ್ತವೆ ಎಂಬುದರ ಮೇಲೆ ಒಂದು ಭಾಷಣವನ್ನೇ ಬಾಯಿಪಾಠ ಮಾಡಿಟ್ಟಿದ್ದೆ. ಈ ಸಲ ಮುಖ ತಿರುಗಿಸಲಿಲ್ಲ. ಅವರ ಕೈಯಲ್ಲಿದ್ದ ಗನ್ನಿನ ಮೇಲೆಯೇ ನೇರವಾಗಿ ಕಣ್ಣು ನೆಟ್ಟು ಹೇಳಿದೆ:

"ಐವತ್ತನಾಲ್ಕು? ಇದು ಶುದ್ಧ ಸುಳ್ಳು ಮೇಡಂ. ನಿಮ್ಮ ಯಂತ್ರ ಕೆಟ್ಟಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?"

ಅಕ್ಕ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ ಬಗ್ಗಿ ನೋಡಿದರು.

"ಮೂವತ್ತನಾಲ್ಕು ಅಂತಿದೆಯಲ್ಲ ಮೇಷ್ಟ್ರೇ."

"ನಾನು ನಿಲ್ಲಿಸಿದ್ದು ಸ್ಪೀಡಿಗಲ್ಲ" ಎಂದರು ಮೇಡಂ. "ಅಮ್ಮಾ, ನಿಮ್ಮ ಸೆರಗು ಚಕ್ರಕ್ಕೆ ಸಿಗೋ ಹಾಗಿದೆ. ಆ ಕಡೆ ಹೋಗಿ ಸರಿಯಾಗಿ ಸಿಕ್ಕಿಸ್ಕೊಳ್ಳಿ."

ಅಕ್ಕ ಬಸ್ ಸ್ಟಾಪಿನೊಳಗೆ ಹೋದರು. ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಹೊಸ ಬಾಡಿಗೆದಾರ ಮನೆ ನೋಡುವ ಹಾಗೆ.

"ಆ ಕಡೆ ಔಷಧಿ ಅಂಗಡಿ ಬೋರ್ಡ್ ಓದಿ ಸರ್."

ರಸ್ತೆಯಾಚೆಯ ಬೋರ್ಡನ್ನು ಫೋನ್ ನಂಬರು ಸಮೇತ ಓದಿ ಒಪ್ಪಿಸಿದೆ. ಕೆಳಗಿದ್ದ ರಜೆಯ ದಿನವನ್ನೂ ಬಿಡಲಿಲ್ಲ.

"ಸರಿ. ಈಗ ಇದನ್ನ ಓದಿ." ಒಂದು ಗುರುತಿನ ಕಾರ್ಡನ್ನು ನನ್ನ ಮೂಗಿನ ಮುಂದೆ ಹಿಡಿದರು.

ನನ್ನ ಬ್ಯಾಡ್ಜು ನನಗೆ ಗೊತ್ತಿಲ್ಲವೇ? ನನ್ನ ಹೆಸರು, ಸ್ಕೂಲಿನ ಹೆಸರು, ಕೆಳಗಿನ ನಂಬರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಓದಿದೆ. ಒಂದು ತಪ್ಪಿಲ್ಲ.

"ನಿಮ್ಮ ಬ್ಯಾಡ್ಜ್ ನಿಮ್ಮ ಕುತ್ತಿಗೆಯಲ್ಲೇ ಇದೆ ಸರ್" ಎಂದರು ಮೇಡಂ. "ಇದು ನನ್ನ ಕಾರ್ಡು."

ಬಸ್ಸೊಂದು ಬಂದು ನಿಂತು ಹೋಯಿತು. ಅದು ಹೋಗುವವರೆಗೆ ಮಾತು ಬೇಕಾಗಲಿಲ್ಲ, ಅದಕ್ಕೆ ನನ್ನ ಕೃತಜ್ಞತೆಗಳು.

"ನಮ್ಮಪ್ಪನೂ ಹೀಗೇ. ಆಕಾಶದಲ್ಲಿರೋ ವಿಮಾನ ಎಣಿಸ್ತಾರೆ, ತಟ್ಟೆಯಲ್ಲಿರೋ ಕಲ್ಲು ಕಾಣಲ್ಲ. ಚಾಳೀಸು ಸರ್ ಇದು. ಇದಕ್ಕೆ ಯಾರೂ ಜೈಲಿಗೆ ಹಾಕಲ್ಲ."

"ಬಿಸಿಲು ಹೊಡೀತಿತ್ತು ಮೇಡಂ."

"ನಾವು ನೆರಳಲ್ಲಿದೀವಿ."

ನಾನು ನನ್ನ ಬ್ಯಾಡ್ಜನ್ನು ಅಂಗಿಯೊಳಗೆ ಇಳಿಬಿಟ್ಟೆ.

"ನೋಡಿ, ಇವತ್ತು ಬರೆಯೋಕೆ ನನ್ನ ಹತ್ರ ಏನೂ ಇಲ್ಲ. ಆದ್ರೆ ಆಯಮ್ಮ ನಿಮ್ಮ ಬಾಯಿ ನಂಬಿ ಗಾಡಿ ಓಡಿಸ್ತಿದಾರೆ. ಅವರ ಟೆಸ್ಟ್ ಒಳಗೆ ನೀವೇ ಹೇಳ್ತೀರಾ, ಇಲ್ಲ ನಾನು ಹೇಳ್ಲಾ?"

"ಏನು ಹೇಳೋದು?"

"ಅದನ್ನೂ ನಾನೇ ಹೇಳಿಕೊಡಬೇಕಾ? ನೀವು ಮೇಷ್ಟ್ರು."

ಸಾರಾಂಶ: ಪ್ರಕರಣ ದಾಖಲಾಗಲಿಲ್ಲ. ಬ್ಯಾಡ್ಜು ಕುತ್ತಿಗೆಯಲ್ಲೇ ಇದೆ, ಸ್ವತಃ ಮೇಡಂ ಅವರೇ ದೃಢಪಡಿಸಿದ್ದಾರೆ. ಮಿಕ್ಕ ಮಾತುಗಳನ್ನು ಕಡತದಿಂದ ತೆಗೆದುಹಾಕಬೇಕೆಂದು ಕೋರುತ್ತೇನೆ.

೧೯ ಮಾರ್ಚ್, ಮಂಗಳವಾರ

ಇಂದಿನಿಂದ ಕಲಿಕೆಯಲ್ಲಿ ಒಂದು ಸುಧಾರಣೆ ತಂದಿದ್ದೇನೆ. ವೇಗವನ್ನು ಕಲಿಯುವವರೇ ಕೂಗಿ ಹೇಳಬೇಕು, ಮೇಷ್ಟ್ರು ಪರೀಕ್ಷಿಸುತ್ತಾರೆ. ಟೆಸ್ಟಿನ ದಿನ ನಾನು ಹಿಂದೆ ಇರುವುದಿಲ್ಲವಲ್ಲ.

ಅಕ್ಕ ಮೊದಲು ಹೆದರಿದರು. ಆಮೇಲೆ ಒಂದು ಕ್ಷಣ ಕೆಳಗೆ ಕಣ್ಣು ಹಾಯಿಸಿ "ಇಪ್ಪತ್ತೆರಡು" ಎಂದರು. "ಸರಿ" ಎಂದೆ. "ಮೂವತ್ತೊಂದು." "ಸರಿ." "ಮೂವತ್ತೇಳು." "ಭೇಷ್." ಬೈಕು ನೀರಿನ ಮೇಲೆ ತೇಲುವ ಹಾಗೆ ಹೋಗುತ್ತಿತ್ತು. ಇಷ್ಟು ದಿನಗಳಲ್ಲಿ ಅವರು ಇಷ್ಟು ಚೆನ್ನಾಗಿ ಓಡಿಸಿದ್ದು ಇದೇ ಮೊದಲು. ಈ ಪದ್ಧತಿ ನನಗೆ ಮೊದಲೇ ಏಕೆ ಹೊಳೆಯಲಿಲ್ಲವೋ.

ಆಸ್ಪತ್ರೆಯ ಗೇಟು ಬಂದಾಗ ಮಾತ್ರ ಅವರು ಬೈಕನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಗೇಟು ದಾಟುವವರೆಗೆ ತಳ್ಳಿಕೊಂಡು ನಡೆದರು. ನಾನೂ ಹಿಂದೆ ನಡೆದೆ. ಯಾಕೆ ಎಂದು ಕೇಳಲಿಲ್ಲ.

೨೦ ಮಾರ್ಚ್, ಬುಧವಾರ

ಅಕ್ಕ ಇಂದು ಹೆಲ್ಮೆಟ್ಟಿಲ್ಲದೆ ಬಂದರು. ಮೈಮೇಲೆ ಬೇಕರಿಯ ಏಪ್ರನ್ನು ಹಾಗೇ ಇತ್ತು, ತೋಳಿಗೆಲ್ಲ ಮೈದಾಹಿಟ್ಟು.

"ಟೆಸ್ಟಿಗೆ ಹೋಗಲ್ಲ ಮೇಷ್ಟ್ರೇ. ಓನರ್‌ಗೆ ನೀವೇ ಹೇಳಿಬಿಡಿ."

"ನಿನ್ನೆ ಅಷ್ಟು ಚೆನ್ನಾಗಿ ಓಡಿಸಿದ್ರಲ್ಲ."

"ಓಡಿಸ್ದೆ. ಆದ್ರೆ ಆ ಗೇಟ್ ಹತ್ರ ಬಂದ್ರೆ ಕೈ ಕಲ್ಲಾಗುತ್ತೆ. ಅವತ್ತು ನೀವು ಮೂವತ್ತು ಅಂತ ಸರಿಯಾಗೇ ಹೇಳಿದ್ರಿ. ಮೂವತ್ತರಲ್ಲೇ ನಿಲ್ಲಿಸೋಕಾಗ್ಲಿಲ್ಲ ಅಂದ್ರೆ ನನ್ನ ಕೈಯಲ್ಲೇ ಏನೋ ದೋಷ ಇದೆ. ನನಗೇ ಅಂಕೆ ತಪ್ಪಿತು. ಇನ್ನೊಂದು ದಿನ ಯಾರಿಗಾದ್ರೂ ಹೊಡೆದ್ರೆ? ಕ್ಯಾಂಟೀನ್ ಹೋದ್ರೆ ಹೋಗ್ಲಿ ಬಿಡಿ."

ನಾನು ಏನಾದರೂ ಹೇಳಬೇಕಿತ್ತು. ಹೇಳಿದೆ. 'ಒಮ್ಮೆ ಎಡವಿದ ಕಾಲು, ಮುಂದೆ ನೆಡುವುದು ಮೇಲು' ಎಂದೆ. ಆ ಹೊತ್ತಿಗೆ ಹೊಳೆದದ್ದು.

ಅಕ್ಕ ನಕ್ಕರು. "ಎಲ್ಲಿಂದ ತರ್ತೀರಿ ಇವನ್ನೆಲ್ಲ" ಎಂದರು. ಒಂದು ಪೊಟ್ಟಣ ಬನ್ನನ್ನು ಮೇಜಿನ ಮೇಲಿಟ್ಟು, "ಕಷ್ಟಪಟ್ಟು ಹೇಳಿಕೊಟ್ರಿ, ನನ್ನ ತಲೆಗೇ ಹತ್ತಲಿಲ್ಲ" ಎಂದು ಹೊರಟುಹೋದರು.

ಓನರಿಗೆ ನಾನಿನ್ನೂ ಹೇಳಿಲ್ಲ. ಬನ್ನು ಹಾಗೇ ಇದೆ.

೨೧ ಮಾರ್ಚ್, ಗುರುವಾರ, ಸಂಜೆ

ಮಾನ್ಯ ನ್ಯಾಯಾಧೀಶರೇ, ವಿದ್ವಜ್ಜನರೇ, ಮಹಾಜನಗಳೇ,

ಇದು ಆರೋಪಿಯ ಅಂತಿಮ ಹೇಳಿಕೆ. ಈತ ಅವಸರದ ಮನುಷ್ಯನಲ್ಲ. ಈತನಿಂದ ಕಲಿತವರು ಇಂದು ಈ ಊರಿನ ಎಲ್ಲ ರಸ್ತೆಗಳಲ್ಲೂ ಕ್ಷೇಮವಾಗಿ ಓಡಾಡುತ್ತಿದ್ದಾರೆ. ಈತನ ವಿರುದ್ಧ ಇರುವುದು ಒಂದು ಯಂತ್ರದ ಮಾತು, ಸ್ವಲ್ಪ ಗಾಳಿಯ ಮಾತು. ಹದಿನಾಲ್ಕನೆಯ ತಾರೀಕಿನ ಘಟನೆಯ ಬಗ್ಗೆ ಹೇಳುವುದಾದರೆ, ಆ ದಿನದ ಪುಟದಲ್ಲಿ ಈತ ಸ್ವಹಸ್ತದಿಂದ ದಾಖಲಿಸಿರುವ ಮಾತುಗಳನ್ನೇ ಇಲ್ಲಿ ಯಥಾವತ್ತಾಗಿ ಓದಿ ಹೇಳುವುದಾದರೆ…

ಪುಟ ತಿರುವಿದೆ. ದೀಪದ ಹತ್ತಿರ ಹಿಡಿದೆ. ದೂರ ಹಿಡಿದೆ. ಬೂದು ಗೆರೆಗಳು.

ಇಷ್ಟು ದಿನ ಬರೆದದ್ದರಲ್ಲಿ ಒಂದು ಸಾಲನ್ನೂ ನಾನು ಓದಿಲ್ಲ, ಓದಲಾಗುವುದಿಲ್ಲ. ಕೈ ಅಭ್ಯಾಸದಿಂದ ಬರೆಯುತ್ತದೆ. ಇಲ್ಲಿ ನ್ಯಾಯಾಧೀಶರೂ ಇಲ್ಲ, ಸಭೆಯೂ ಇಲ್ಲ.

ಹೊಸ ಬೈಕು ಬಂದ ದಿನವೇ ನನಗೆ ಗೊತ್ತಾಗಿತ್ತು. ಕಲಿಸುವುದು ಬಿಟ್ಟು ಬೇರೇನೂ ಬಾರದವನು, ಕಣ್ಣು ಹೋಯಿತು ಎಂದರೆ ಎಲ್ಲ ಹೋಯಿತು ಎಂದು ಹೆದರಿದೆ. ಗೇಟಿನ ಹತ್ತಿರ ಅಕ್ಕನಿಗೆ ಹೇಳಿದ ಮೂವತ್ತನ್ನು ನಾನು ನೋಡಿರಲಿಲ್ಲ. ಒಂದು ಅಂಕೆಯನ್ನೂ ನೋಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಅವರ ಕೈ ಸರಿಯಾಗೇ ಇದೆ.

ಬೇಕರಿ ಮುಚ್ಚಲು ಇನ್ನೂ ಹೊತ್ತಿದೆ. ನಡೆದೇ ಹೋಗುತ್ತೇನೆ.